ಒಳ್ಳೆಯ ಕೆಪಾಸಿಟರ್ ಹಾಕಿದ ಮೇಲೆ ರೆಗ್ಯುಲೇಟರ್ ಕಂಪಿಸಿದ್ದೇಕೆ?

ಪ್ರಶ್ನೆ: ಮಾನ್ಯರೇ, ಕಾರವಾರದ ಬೈತಖೋಲ ಬಂದರಿನ ಹತ್ತಿರ ಮೀನುಗಾರಿಕೆ ದೋಣಿಗಳ ಎಲೆಕ್ಟ್ರಾನಿಕ್ ಉಪಕರಣಗಳನ್ನು ರಿಪೇರಿ ಮಾಡುವ ಕೆಲಸ ನನ್ನದು. ದೋಣಿಯೊಂದರ ಡಿಸ್‌ಪ್ಲೇ ಬೋರ್ಡಿನಲ್ಲಿ ಎಲ್‌ಎಂ 2940 ಎಂಬ 5 ವೋಲ್ಟಿನ ರೆಗ್ಯುಲೇಟರ್, ಅಂದರೆ ವೋಲ್ಟೇಜನ್ನು ಸ್ಥಿರವಾಗಿಡುವ ಚಿಪ್, ಇತ್ತು. ಅದರ ಔಟ್‌ಪುಟ್‌ನಲ್ಲಿದ್ದ 22 ಮೈಕ್ರೊಫ್ಯಾರಡ್‌ನ ಟ್ಯಾಂಟಲಮ್ ಕೆಪಾಸಿಟರ್ ಸುಟ್ಟಿದ್ದರಿಂದ, ಇನ್ನೂ ಉತ್ತಮವಾದದ್ದು ಇರಲಿ ಎಂದು ಅಷ್ಟೇ ಮೈಕ್ರೊಫ್ಯಾರಡ್‌ನ ಸೆರಾಮಿಕ್ ಕೆಪಾಸಿಟರ್ ಹಾಕಿದೆ. ಮಲ್ಟಿಮೀಟರ್ ಸರಿಯಾಗಿ 5 ವೋಲ್ಟ್ ತೋರಿಸುತ್ತದೆ, ಆದರೆ ಪರದೆ ಮಿನುಗುತ್ತದೆ, ರೆಗ್ಯುಲೇಟರ್ ಮೊದಲಿಗಿಂತ ಬಿಸಿಯಾಗುತ್ತದೆ. ಪರಿಚಿತರ ಆಸಿಲೋಸ್ಕೋಪಿನಲ್ಲಿ ನೋಡಿದಾಗ 5 ವೋಲ್ಟಿನ ಮೇಲೆ ಹತ್ತಾರು ಕಿಲೊಹರ್ಟ್ಸ್‌ನ ಅಲೆ ಕಾಣಿಸಿತು. ಒಳ್ಳೆಯ ಕೆಪಾಸಿಟರ್ ಹಾಕಿದ್ದಕ್ಕೆ ಕೆಟ್ಟ ಫಲ ಬಂದದ್ದು ಹೇಗೆ?

ಉತ್ತರ: ನಿಮ್ಮ ಸೆರಾಮಿಕ್ ಕೆಪಾಸಿಟರಿನಲ್ಲಿ ದೋಷವಿಲ್ಲ, ರೆಗ್ಯುಲೇಟರಿನಲ್ಲೂ ಇಲ್ಲ. ಹಳೆಯ ಟ್ಯಾಂಟಲಮ್‌ನಲ್ಲಿ ಒಂದು ಕೊರತೆಯಿತ್ತು. ಆ ಕೊರತೆಯ ಆಸರೆಯಲ್ಲೇ ರೆಗ್ಯುಲೇಟರ್ ಸ್ಥಿರವಾಗಿ ನಿಂತಿತ್ತು, ನೀವು ಆಸರೆಯನ್ನು ತೆಗೆದಿರಿ. ಮಲ್ಟಿಮೀಟರ್ ಅಲೆಯ ಸರಾಸರಿಯನ್ನಷ್ಟೇ ಹೇಳುವುದರಿಂದ ಅದಕ್ಕೆ ಏನೂ ಕಾಣಲಿಲ್ಲ. ಬಹಳ ವರ್ಷಗಳ ಹಿಂದೆ ನಾನೂ ಇದೇ ತಪ್ಪು ಮಾಡಿ, ಎರಡು ರೆಗ್ಯುಲೇಟರ್ ಚಿಪ್‌ಗಳನ್ನು ಬದಲಾಯಿಸಿದ ಮೇಲೆ ಕೆಪಾಸಿಟರಿನ ಕಡೆ ತಿರುಗಿ ನೋಡಿದ್ದೆ.

ಮೊದಲು ಚಿಪ್ಪಿನೊಳಗೆ ನಡೆಯುವುದನ್ನು ನೋಡೋಣ. ಕುಮಟಾ ತಾಲ್ಲೂಕಿನ ಮಾಣಿಕಟ್ಟಾ ಕಡೆ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳನ್ನು ನೀವು ನೋಡಿರಬಹುದು. ಅಘನಾಶಿನಿಯ ಅಳಿವೆಯಲ್ಲಿ ಉಬ್ಬರ ಇಳಿತ ಎಷ್ಟೇ ಇದ್ದರೂ ಒಡ್ಡಿನ ಒಳಗಿನ ನೀರಿನ ಮಟ್ಟವನ್ನು ಬಾಗಿಲು ತೆರೆದು ಮುಚ್ಚಿ ಹದದಲ್ಲಿ ಇಡುತ್ತಾರೆ. ಬಾಗಿಲ ಬಳಿ ನಿಂತ ಒಬ್ಬ ಕಾವಲುಗಾರ, ಗದ್ದೆಯಲ್ಲಿ ನೆಟ್ಟ ಗೂಟದ ಗುರುತನ್ನು ನೋಡುತ್ತಾ, ಮಟ್ಟ ಗುರುತಿಗಿಂತ ಎಷ್ಟು ಕಡಿಮೆಯೋ ಅಷ್ಟು ಬಾಗಿಲು ತೆರೆಯುತ್ತಾನೆ ಎಂದುಕೊಳ್ಳಿ. ಆಗ ಕಾವಲುಗಾರನೇ ಎರರ್ ಆಂಪ್ಲಿಫೈಯರ್, ಬಾಗಿಲು ಪಾಸ್ ಟ್ರಾನ್ಸಿಸ್ಟರ್, ಗೂಟದ ಗುರುತು ಚಿಪ್ಪಿನೊಳಗಿನ ರೆಫರೆನ್ಸ್ ವೋಲ್ಟೇಜ್, ನೀರು ತುಂಬಿದ ಗದ್ದೆ ಔಟ್‌ಪುಟ್ ಕೆಪಾಸಿಟರ್. ಎರರ್ ಆಂಪ್ಲಿಫೈಯರಿನ ಒಂದು ಕಾಲಿಗೆ ರೆಫರೆನ್ಸ್, ಇನ್ನೊಂದು ಕಾಲಿಗೆ ಎರಡು ರೆಸಿಸ್ಟರ್‌ಗಳಿಂದ ಭಾಗಿಸಿ ತಂದ ಔಟ್‌ಪುಟ್ ವೋಲ್ಟೇಜಿನ ಒಂದು ಅಂಶ ಬರುತ್ತದೆ. ಎರಡರ ನಡುವಿನ ಅಲ್ಪ ವ್ಯತ್ಯಾಸವನ್ನು ಅದು ನೂರಾರು, ಸಾವಿರಾರು ಪಟ್ಟು ಹಿಗ್ಗಿಸಿ ಪಾಸ್ ಟ್ರಾನ್ಸಿಸ್ಟರನ್ನು ಎಷ್ಟು ತೆರೆಯಬೇಕೆಂದು ನಿರ್ಧರಿಸುತ್ತದೆ.

ಕಾವಲುಗಾರ ನಿಂತಲ್ಲಿಂದ ಗೂಟ ದೂರದಲ್ಲಿದ್ದರೆ ತೊಂದರೆ ಶುರುವಾಗುತ್ತದೆ. ಬಾಗಿಲಿನಿಂದ ಒಳಬಂದ ನೀರು ಗದ್ದೆಯಲ್ಲಿ ಹರಡಿ ಗೂಟವನ್ನು ಮುಟ್ಟುವುದಕ್ಕೆ ಹೊತ್ತು ಹಿಡಿಯುತ್ತದೆ. ಅವನು ಅವಸರದವನಾದರೆ, ಗೂಟದ ಬಳಿ ಮಟ್ಟ ಏರುವವರೆಗೂ ಬಾಗಿಲನ್ನು ಪೂರ್ತಿ ತೆರೆದಿಟ್ಟು, ಏರಿದ್ದನ್ನು ಕಂಡ ಮೇಲೆ ಮುಚ್ಚುತ್ತಾನೆ. ಅಷ್ಟರಲ್ಲಿ ಅತಿಯಾದ ನೀರು ಒಳಬಂದಾಗಿರುತ್ತದೆ. ಅದನ್ನು ಹೊರಬಿಡುವಾಗಲೂ ಅದೇ ತಡ, ಅದೇ ಅತಿರೇಕ. ಮಟ್ಟ ಒಂದು ಕಡೆ ನಿಲ್ಲದೆ ತೂಗಾಡುತ್ತಲೇ ಇರುತ್ತದೆ. ತಪ್ಪು ಅವಸರದ್ದೊಂದೇ ಅಲ್ಲ, ತಡದ್ದೊಂದೇ ಅಲ್ಲ, ಅವೆರಡೂ ಕೂಡಿದ್ದರದು. ಉಪಮೆ ಇಷ್ಟಕ್ಕೇ ಸಾಕು, ಇನ್ನು ಲೆಕ್ಕಕ್ಕೆ ಬರೋಣ.

ಸರ್ಕ್ಯೂಟಿನಲ್ಲಿ ರೆಸಿಸ್ಟೆನ್ಸ್ ಮೂಲಕ ಕೆಪಾಸಿಟರ್ ತುಂಬಬೇಕಾದ ಪ್ರತಿಯೊಂದು ಜಾಗವೂ ಒಂದು ತಡವನ್ನು ತರುತ್ತದೆ. ಇದನ್ನು ಪೋಲ್ ಎನ್ನುತ್ತಾರೆ. ಒಂದು ಪೋಲ್ ತನ್ನ ಆವೃತ್ತಿಯನ್ನು ದಾಟಿದ ಮೇಲೆ ಸಂಕೇತವನ್ನು ಕುಗ್ಗಿಸುತ್ತಾ, ಹೆಚ್ಚೆಂದರೆ 90 ಡಿಗ್ರಿಯಷ್ಟು ಹಿಂದೆ ತಳ್ಳುತ್ತದೆ (ಒಂದು ಪೂರ್ತಿ ಅಲೆ ಎಂದರೆ 360 ಡಿಗ್ರಿ). ಎರಡು ಪೋಲ್ ಸೇರಿದರೆ 180 ಡಿಗ್ರಿಯ ಹತ್ತಿರ ಬರುತ್ತದೆ. ಎರರ್ ಆಂಪ್ಲಿಫೈಯರ್ ವ್ಯತ್ಯಾಸವನ್ನು ಸರಿಪಡಿಸಲು ಸಂಕೇತವನ್ನು ಮೊದಲೇ ತಲೆಕೆಳಗು ಮಾಡಿರುವುದರಿಂದ, ಅದರ ಮೇಲೆ ಇನ್ನೂ 180 ಡಿಗ್ರಿ ಸೇರಿದರೆ ಸರಿಪಡಿಸಬೇಕಾದ ಸಂಕೇತ ತಪ್ಪನ್ನು ಹೆಚ್ಚಿಸುವ ಸಂಕೇತವಾಗಿ ಮರಳುತ್ತದೆ. ಆ ಆವೃತ್ತಿಯಲ್ಲಿ ಲೂಪಿನ, ಅಂದರೆ ಆಂಪ್ಲಿಫೈಯರಿನಿಂದ ಹೊರಟು ಅಲ್ಲಿಗೇ ಮರಳುವ ಈ ಸುತ್ತಿನ, ಒಟ್ಟು ಗೇನ್ (ಸಂಕೇತ ಎಷ್ಟು ಪಟ್ಟು ಹಿಗ್ಗುತ್ತದೆ ಎಂಬುದು) 1ಕ್ಕಿಂತ ಕೆಳಗಿಳಿದಿದ್ದರೆ ಅಲೆ ತಾನಾಗಿ ಸಾಯುತ್ತದೆ, ಇಳಿಯದಿದ್ದರೆ ರೆಗ್ಯುಲೇಟರ್ ಆಂದೋಲಕವಾಗುತ್ತದೆ. ಗೇನ್ 1 ಆಗುವ ಆವೃತ್ತಿಯಲ್ಲಿ 180 ಡಿಗ್ರಿಗೆ ಇನ್ನೂ ಎಷ್ಟು ಉಳಿದಿದೆ ಎಂಬುದೇ ಫೇಸ್ ಮಾರ್ಜಿನ್. ಅದು 45 ಡಿಗ್ರಿಗಿಂತ ಹೆಚ್ಚಿದ್ದರೆ ನೆಮ್ಮದಿ.

ಎಲ್‌ಎಂ 2940ರಲ್ಲಿ ಪಾಸ್ ಟ್ರಾನ್ಸಿಸ್ಟರ್ ಪಿಎನ್‌ಪಿ ಜಾತಿಯದು, ಔಟ್‌ಪುಟ್ ಅದರ ಕಲೆಕ್ಟರಿನಿಂದ ಬರುತ್ತದೆ. ಆದ್ದರಿಂದಲೇ ಇನ್‌ಪುಟ್ ಮತ್ತು ಔಟ್‌ಪುಟ್ ನಡುವೆ ಪೂರ್ತಿ 1 ಆಂಪಿಯರ್ ಲೋಡಿನಲ್ಲೂ ಅರ್ಧ ವೋಲ್ಟಿನ ಆಸುಪಾಸಿನ ಅಂತರ ಅದಕ್ಕೆ ಸಾಕು. ಆದರೆ ಕಲೆಕ್ಟರ್ ಎಂದರೆ ಹೆಚ್ಚು ಇಂಪೀಡೆನ್ಸಿನ, ಅಂದರೆ ಕರೆಂಟಿಗೆ ಹೆಚ್ಚು ತಡೆಯಿರುವ, ಜಾಗ. ಅಲ್ಲಿ ಲೋಡ್ ಮತ್ತು ಔಟ್‌ಪುಟ್ ಕೆಪಾಸಿಟರ್ ಸೇರಿ ಬಹಳ ಕೆಳಗಿನ ಆವೃತ್ತಿಯಲ್ಲಿ ಒಂದು ಪೋಲ್ ಮಾಡುತ್ತವೆ. ನಿಮ್ಮ ಬೋರ್ಡ್ 300 ಮಿಲಿಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಂಡರೆ ಲೋಡ್ 16.7 ಓಮ್, ಕೆಪಾಸಿಟರ್ 22 ಮೈಕ್ರೊಫ್ಯಾರಡ್, ಪೋಲ್ ಸುಮಾರು 430 ಹರ್ಟ್ಸ್‌ನಲ್ಲಿ. ಲೋಡ್ 10 ಮಿಲಿಆಂಪಿಯರಿಗೆ ಇಳಿದರೆ ಅದೇ ಪೋಲ್ 15 ಹರ್ಟ್ಸ್‌ಗಿಂತ ಕೆಳಗೆ ಸರಿಯುತ್ತದೆ. ಲೋಡಿನೊಡನೆ ಹೀಗೆ ಓಡಾಡುವ ಪೋಲ್ ಇರುವುದೇ ಈ ಜಾತಿಯ ರೆಗ್ಯುಲೇಟರಿನ ತಲೆನೋವು.

ವಿವರಣೆಗೆಂದು ಕೆಲವು ಸಂಖ್ಯೆಗಳನ್ನು ಊಹಿಸಿಕೊಳ್ಳುತ್ತೇನೆ, ಇವು ಚಿಪ್ಪಿನ ನಿಜವಾದ ಒಳಗಿನ ಸಂಖ್ಯೆಗಳೆಂದು ತಿಳಿಯಬೇಡಿ. ಲೂಪಿನ ಗೇನ್ 1000, ಔಟ್‌ಪುಟ್ ಪೋಲ್ 430 ಹರ್ಟ್ಸ್, ಪಾಸ್ ಟ್ರಾನ್ಸಿಸ್ಟರಿನ ಬೇಸ್ ಬಳಿ 20 ಕಿಲೊಹರ್ಟ್ಸ್‌ನಲ್ಲಿ ಎರಡನೆಯ ಪೋಲ್, ಆಂಪ್ಲಿಫೈಯರಿನೊಳಗೆ 300 ಕಿಲೊಹರ್ಟ್ಸ್‌ನಲ್ಲಿ ಮೂರನೆಯದು ಇರಲಿ. ಇನ್ನು ಕೆಪಾಸಿಟರಿನ ಕೊರತೆಯನ್ನು ಲೆಕ್ಕಕ್ಕೆ ಸೇರಿಸೋಣ. ಪ್ರತಿಯೊಂದು ಕೆಪಾಸಿಟರಿನ ಒಳಗೂ ಸರಣಿಯಲ್ಲಿ ಸ್ವಲ್ಪ ರೆಸಿಸ್ಟೆನ್ಸ್ ಅಡಗಿರುತ್ತದೆ, ಅದನ್ನು ಇಎಸ್‌ಆರ್ ಎನ್ನುತ್ತಾರೆ. ಒಂದು ಆವೃತ್ತಿಯ ಮೇಲೆ ಕೆಪಾಸಿಟರ್ ಕೆಪಾಸಿಟರಿನಂತೆ ವರ್ತಿಸುವುದನ್ನು ಬಿಟ್ಟು ಆ ರೆಸಿಸ್ಟರಿನಂತೆ ಕಾಣತೊಡಗುತ್ತದೆ, ಆಗ ಅದು ತಂದಿದ್ದ ತಡ ಮರಳಿ ಕಳೆಯುತ್ತದೆ. ಇದಕ್ಕೆ ಜೀರೊ ಎಂದು ಹೆಸರು. ನಿಮ್ಮ ಟ್ಯಾಂಟಲಮ್‌ನ ಇಎಸ್‌ಆರ್ 0.3 ಓಮ್ ಇದ್ದಿದ್ದರೆ ಜೀರೊ ಸುಮಾರು 24 ಕಿಲೊಹರ್ಟ್ಸ್‌ನಲ್ಲಿ ಬೀಳುತ್ತದೆ, ಅಂದರೆ 20 ಕಿಲೊಹರ್ಟ್ಸ್‌ನ ಎರಡನೆಯ ಪೋಲಿನ ಪಕ್ಕದಲ್ಲೇ ಕುಳಿತು ಅದು ಮಾಡಿದ ತಡವನ್ನು ಬಹುಪಾಲು ಅಳಿಸಿಹಾಕುತ್ತದೆ. ಈ ಲೆಕ್ಕದಲ್ಲಿ ಗೇನ್ 1 ಆಗುವುದು 270 ಕಿಲೊಹರ್ಟ್ಸ್ ಹತ್ತಿರ, ಉಳಿಯುವ ಫೇಸ್ ಮಾರ್ಜಿನ್ ಸುಮಾರು 47 ಡಿಗ್ರಿ. ಸೆರಾಮಿಕ್‌ನ ಇಎಸ್‌ಆರ್ 5 ಮಿಲಿಓಮ್ ಎಂದರೆ ಜೀರೊ ಸುಮಾರು 1.45 ಮೆಗಾಹರ್ಟ್ಸ್‌ಗೆ ಹಾರಿಹೋಗುತ್ತದೆ. ಆಗ ಗೇನ್ 1 ಆಗುವುದು 90 ಕಿಲೊಹರ್ಟ್ಸ್‌ನಲ್ಲಿ, ಅಲ್ಲಿ ಮೂರು ಪೋಲ್‌ಗಳ ತಡವನ್ನು ಕೂಡಿ, ದೂರದ ಜೀರೊ ಕೊಡುವ ಮೂರು ನಾಲ್ಕು ಡಿಗ್ರಿಗಳನ್ನು ಕಳೆದರೆ 180 ಡಿಗ್ರಿಯೇ ಬರುತ್ತದೆ. ಮಾರ್ಜಿನ್ ಸೊನ್ನೆ. ನೀವು ಕಂಡ ಹತ್ತಾರು ಕಿಲೊಹರ್ಟ್ಸ್‌ನ ಅಲೆ ಹುಟ್ಟಿದ್ದು ಇಂಥ ಕಡೆಯಿಂದ.

ಹಾಗಾದರೆ ಇಎಸ್‌ಆರ್ ಹೆಚ್ಚಿದ್ದಷ್ಟೂ ಒಳ್ಳೆಯದೇ ಎಂದು ಕೇಳಬಹುದು. ಅಲ್ಲ. ಒಣಗಿದ ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ ಇಎಸ್‌ಆರ್ 5 ಓಮಿಗೆ ಏರಿದರೆ ಜೀರೊ 1.45 ಕಿಲೊಹರ್ಟ್ಸ್‌ಗೆ ಇಳಿದು, ಗೇನ್ ಕುಗ್ಗುವುದನ್ನೇ ಬೇಗ ನಿಲ್ಲಿಸಿಬಿಡುತ್ತದೆ. ಗೇನ್ ಇನ್ನೂ 1ಕ್ಕಿಂತ ಮೇಲಿರುವಾಗಲೇ ಒಳಗಿನ ಇತರ ಪೋಲ್‌ಗಳು ಒಟ್ಟಾಗಿ ಎದುರಾಗುತ್ತವೆ, ಮತ್ತೆ ಕಂಪನ. ಈ ಕಾರಣಕ್ಕೆ ಎಲ್‌ಎಂ 2940ರ ಡೇಟಾಶೀಟಿನಲ್ಲಿ (ತಯಾರಕರ ವಿವರಪತ್ರದಲ್ಲಿ) ಕನಿಷ್ಠ 22 ಮೈಕ್ರೊಫ್ಯಾರಡ್ ಎಂಬ ಮಾತಿನ ಜೊತೆಗೆ, ಇಎಸ್‌ಆರ್‌ಗೆ ಕೆಳಗಿನ ಮತ್ತು ಮೇಲಿನ ಎರಡು ಗೆರೆಗಳಿರುವ ಒಂದು ನಕ್ಷೆಯೂ ಇದೆ. ಹತ್ತನೇ ಒಂದು ಓಮಿನಿಂದ ಒಂದು ಓಮಿನ ಆಸುಪಾಸಿನವರೆಗಿನ ಪಟ್ಟಿಯೊಳಗೆ ಇದ್ದರೆ ಕ್ಷೇಮ. ರಿಪೇರಿ ಮಾಡುವವರು ಡೇಟಾಶೀಟಿನ ಮೊದಲ ಪುಟದಲ್ಲೇ ನಿಲ್ಲುವುದು ರೂಢಿ, ಆ ನಕ್ಷೆ ಇರುವುದು ಒಳಪುಟಗಳಲ್ಲಿ.

ಈಗ ಪರಿಹಾರ. ಮತ್ತೆ ಟ್ಯಾಂಟಲಮ್ ಅಥವಾ ಒಳ್ಳೆಯ ಎಲೆಕ್ಟ್ರೊಲಿಟಿಕ್ ಹಾಕುವುದು ಮೊದಲ ಆಯ್ಕೆ. ಸೆರಾಮಿಕ್ಕನ್ನೇ ಉಳಿಸಬೇಕೆಂದಿದ್ದರೆ ಅದರೊಡನೆ ಸರಣಿಯಲ್ಲಿ 0.3ರಿಂದ 0.5 ಓಮಿನ ರೆಸಿಸ್ಟರ್ ಸೇರಿಸಿ, ತೆಗೆದ ಕೊರತೆಯನ್ನು ಹೊರಗಿನಿಂದ ಮರಳಿ ಕೊಡಬಹುದು. ಇದಕ್ಕೊಂದು ಬೆಲೆಯಿದೆ: ಲೋಡ್ ಒಮ್ಮೆಲೇ 300 ಮಿಲಿಆಂಪಿಯರ್ ಜಿಗಿದರೆ 0.3 ಓಮಿನಲ್ಲಿ 90 ಮಿಲಿವೋಲ್ಟ್ ಆ ಕ್ಷಣ ಕುಸಿಯುತ್ತದೆ. ಬೋರ್ಡಿನ ಇನ್ನೊಂದು ಮೂಲೆಯಲ್ಲಿ 5 ವೋಲ್ಟಿನ ಲೈನಿಗೆ ದೊಡ್ಡ ಸೆರಾಮಿಕ್ ಇದ್ದರೆ ಅದೂ ಈ ಲೂಪಿನ ಭಾಗವೇ ಎಂಬುದನ್ನು ಮರೆಯಬೇಡಿ. ಐಸಿಗಳ ಪಕ್ಕದ 0.1 ಮೈಕ್ರೊಫ್ಯಾರಡ್‌ನ ಚಿಕ್ಕವುಗಳಿಂದ ಸಾಮಾನ್ಯವಾಗಿ ತೊಂದರೆಯಾಗದು. ಉಪ್ಪುಗಾಳಿಯ ಭಯಕ್ಕಾಗಿ ಸೆರಾಮಿಕ್ ಹಾಕಿದ್ದರೆ, ಕೆಪಾಸಿಟರಿನ ಜಾತಿ ಬದಲಿಸುವುದಕ್ಕಿಂತ ಬೋರ್ಡನ್ನು ಚೆನ್ನಾಗಿ ತೊಳೆದು ಒಣಗಿಸಿ ರಕ್ಷಕ ಲೇಪ ಬಳಿಯುವುದು ಸರಿಯಾದ ದಾರಿ.

ಪ್ರಶ್ನೆ: ನಾವು ಅಂಕೋಲೆಯಲ್ಲಿ ಎಷ್ಟೋ ವರ್ಷಗಳಿಂದ 7805 ಬಳಸುತ್ತಿದ್ದೇವೆ. ಯಾವ ಕೆಪಾಸಿಟರ್ ಹಾಕಿದರೂ ನಡೆಯುತ್ತದೆ, ಹಾಕದಿದ್ದರೂ ನಡೆಯುತ್ತದೆ. ಇಷ್ಟೆಲ್ಲ ಕಟ್ಟುನಿಟ್ಟು ಅದಕ್ಕೇಕಿಲ್ಲ?

ಉತ್ತರ: 7805ರಲ್ಲಿ ಪಾಸ್ ಟ್ರಾನ್ಸಿಸ್ಟರ್ ಎನ್‌ಪಿಎನ್, ಔಟ್‌ಪುಟ್ ಬರುವುದು ಎಮಿಟರಿನಿಂದ. ಎಮಿಟರಿನ ಇಂಪೀಡೆನ್ಸ್ ತಾನಾಗಿಯೇ ಕಡಿಮೆ ಇರುವುದರಿಂದ ಔಟ್‌ಪುಟ್‌ನ ಪೋಲ್ ಬಹಳ ಮೇಲಿನ ಆವೃತ್ತಿಯಲ್ಲಿ ದೂರ ಉಳಿಯುತ್ತದೆ. ಲೂಪನ್ನು ಅಂಕೆಯಲ್ಲಿಡುವ ಕೆಲಸವನ್ನು ಚಿಪ್ಪಿನೊಳಗೇ ಎರರ್ ಆಂಪ್ಲಿಫೈಯರಿಗೆ ಅಡ್ಡಲಾಗಿ ಹಾಕಿದ ಒಂದು ಪುಟ್ಟ ಕೆಪಾಸಿಟರ್ ಮಾಡುತ್ತದೆ. ಗೇನ್ ಇರುವ ಹಂತದ ಇನ್‌ಪುಟ್ ಮತ್ತು ಔಟ್‌ಪುಟ್ ನಡುವೆ ಕೂತ ಕೆಪಾಸಿಟರ್ ಆ ಗೇನಿನಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆಂಬುದನ್ನು ಜಾನ್ ಮಿಲ್ಲರ್ 1920ರಲ್ಲಿ ರೇಡಿಯೊ ವಾಲ್ವುಗಳ ಬಗ್ಗೆ ಬರೆದಾಗ ತೋರಿಸಿದ್ದರು. ಗೇನ್ 500 ಇದ್ದರೆ 20 ಪಿಕೊಫ್ಯಾರಡ್ ಸುಮಾರು 10,000 ಪಿಕೊಫ್ಯಾರಡ್‌ನಂತೆ ವರ್ತಿಸುತ್ತದೆ. ವಾಲ್ವಿನ ಕಾಲದಲ್ಲಿ ತೊಂದರೆಯಾಗಿ ಕಂಡ ಈ ಗುಣವೇ ಸಿಲಿಕಾನಿನಲ್ಲಿ ಜಾಗ ಉಳಿಸುವ ಉಪಾಯವಾಯಿತು. ಈ ಕೆಪಾಸಿಟರ್ ಗೇನನ್ನು ಬೇಗನೆ ಇಳಿಸತೊಡಗುವುದರಿಂದ, ಉಳಿದ ಪೋಲ್‌ಗಳು ಎದುರಾಗುವ ಹೊತ್ತಿಗೆ ಗೇನ್ 1ಕ್ಕಿಂತ ಕೆಳಗೆ ಹೋಗಿರುತ್ತದೆ. ಕಾಂಪೆನ್ಸೇಶನ್ ಎಂದರೆ ಬಹುಮಟ್ಟಿಗೆ ಇದೇ, ಬೇಕೆಂದೇ ಕಾವಲುಗಾರನನ್ನು ನಿಧಾನಸ್ಥನನ್ನಾಗಿ ಮಾಡುವುದು.

ಹಾಗೆಂದು 7805 ಎಲ್ಲ ಕಡೆ ಸಲ್ಲದು. ಅದಕ್ಕೆ ಸುಮಾರು 2 ವೋಲ್ಟಿನ ಅಂತರ ಬೇಕು. ದೋಣಿಯ ಎಂಜಿನ್ ಸ್ಟಾರ್ಟ್ ಮಾಡುವಾಗ 12 ವೋಲ್ಟಿನ ಬ್ಯಾಟರಿ 6 ವೋಲ್ಟಿಗೆ ಕುಸಿದರೆ 7805 ಕೈಬಿಡುತ್ತದೆ, ಎಲ್‌ಎಂ 2940 ಹಿಡಿದು ನಿಲ್ಲುತ್ತದೆ. ಇನ್‌ಪುಟ್ ಬಳಿ 0.33 ಮೈಕ್ರೊಫ್ಯಾರಡ್, ಔಟ್‌ಪುಟ್‌ಗೆ 0.1 ಮೈಕ್ರೊಫ್ಯಾರಡ್ ಹಾಕಿ ಎಂದು ಡೇಟಾಶೀಟಿನಲ್ಲಿ ಸೂಚಿಸಿದ್ದನ್ನು ಹಾಕದೆ ಬಿಡಬೇಡಿ. ಇಷ್ಟು ದಿನ ನಡೆದದ್ದು ಚಿಪ್ಪಿನ ಔದಾರ್ಯ.

ಪ್ರಶ್ನೆ: ಹೊನ್ನಾವರದ ಕಡೆ ಯಕ್ಷಗಾನ ಬಯಲಾಟಗಳಿಗೆ ಧ್ವನಿವರ್ಧಕ ಒದಗಿಸುತ್ತೇನೆ. ಮೈಕಿನ ಪ್ರಿಆಂಪ್ಲಿಫೈಯರಿಗೆ ಎಲ್‌ಎಂ 317ರಿಂದ 12 ವೋಲ್ಟ್ ಕೊಟ್ಟಿದ್ದೇನೆ. ಭಾಗವತರು ತಾಳ ನಿಲ್ಲಿಸಿದಾಗ ಸ್ಪೀಕರಿನಲ್ಲಿ ಗುಂಯ್ ಎಂಬ ಸದ್ದು ಕೇಳುತ್ತದೆ. ಎರರ್ ಆಂಪ್ಲಿಫೈಯರಿನ ಗೇನ್ ಹೆಚ್ಚಿಸಿದರೆ ಇದು ಹೋಗುವುದಿಲ್ಲವೇ? ತಯಾರಕರು ಗೇನನ್ನು ಲಕ್ಷಗಟ್ಟಲೆ ಇಡಬಾರದೇಕೆ?

ಉತ್ತರ: ಗೇನ್ ಹೆಚ್ಚಿದರೆ ಗುಂಯ್‌ಗುಡುವಿಕೆ ಕಡಿಮೆಯಾಗುತ್ತದೆ ಎಂಬ ನಿಮ್ಮ ಊಹೆ ಸರಿ. 50 ಹರ್ಟ್ಸ್ ವಿದ್ಯುತ್ತನ್ನು ಬ್ರಿಡ್ಜ್ ರೆಕ್ಟಿಫೈಯರ್ ತಿದ್ದಿದಾಗ ಉಳಿಯುವ ಏರಿಳಿತ 100 ಹರ್ಟ್ಸ್‌ನದು, ನೀವು ಕೇಳುತ್ತಿರುವುದು ಅದನ್ನೇ. ಲೂಪಿಗೆ ಆ ಆವೃತ್ತಿಯಲ್ಲಿ ಎಷ್ಟು ಗೇನ್ ಇದೆಯೋ ಸರಿಸುಮಾರು ಅಷ್ಟು ಪಟ್ಟು ಏರಿಳಿತ ಕುಗ್ಗುತ್ತದೆ. ಆದರೆ ಗೇನನ್ನು ಮಿತಿಯಿಲ್ಲದೆ ಏರಿಸಿದರೆ ಅದು 1ಕ್ಕೆ ಇಳಿಯುವ ಆವೃತ್ತಿಯೂ ಮೇಲೇರಿ, ಅಲ್ಲಿ ಕಾದಿರುವ ತಡಗಳಿಗೆ ಸಿಕ್ಕಿ ಲೂಪ್ ಕಂಪಿಸುತ್ತದೆ.

ಈ ಕೊಟ್ಟು ತೆಗೆದುಕೊಳ್ಳುವ ವ್ಯವಹಾರ ರೆಗ್ಯುಲೇಟರಿಗಿಂತ ಹಳೆಯದು. ಅಮೆರಿಕದ ಎಂಜಿನಿಯರ್ ಹೆರಾಲ್ಡ್ ಬ್ಲ್ಯಾಕ್ 1927ರ ಆಗಸ್ಟ್ 2ರ ಬೆಳಿಗ್ಗೆ ಕೆಲಸಕ್ಕೆ ಹೋಗುತ್ತಾ ಹಡ್ಸನ್ ನದಿಯನ್ನು ಫೆರ್ರಿಯಲ್ಲಿ ದಾಟುತ್ತಿದ್ದಾಗ, ಔಟ್‌ಪುಟ್‌ನ ಒಂದು ಅಂಶವನ್ನು ತಲೆಕೆಳಗು ಮಾಡಿ ಇನ್‌ಪುಟ್‌ಗೆ ಮರಳಿಸುವ ಉಪಾಯ ಹೊಳೆದು ಕೈಯಲ್ಲಿದ್ದ ದಿನಪತ್ರಿಕೆಯ ಪುಟದ ಮೇಲೇ ಚಿತ್ರ ಬರೆದಿಟ್ಟರು. ತದಡಿಯಿಂದ ಅಘನಾಶಿನಿಗೆ ಬಾರ್ಜಿನಲ್ಲಿ ದಾಟುವಾಗ ನನಗೆ ಈ ಪ್ರಸಂಗ ನೆನಪಾಗುವುದುಂಟು, ಉಪಾಯವೇನೂ ಹೊಳೆದಿಲ್ಲ. ಮರಳಿಸಿದ ಸಂಕೇತ ಯಾವಾಗ ಕಂಪನವಾಗುತ್ತದೆ ಎಂಬುದಕ್ಕೆ ಖಚಿತ ನಿಯಮವನ್ನು ಹ್ಯಾರಿ ನೈಕ್ವಿಸ್ಟ್ 1932ರಲ್ಲಿ ಕೊಟ್ಟ ಮೇಲೆ ಎಂಜಿನಿಯರುಗಳಿಗೆ ಗೇನನ್ನು ಎಲ್ಲಿ ನಿಲ್ಲಿಸಬೇಕೆಂಬುದು ಲೆಕ್ಕದಿಂದ ಗೊತ್ತಾಗತೊಡಗಿತು.

ನಿಮ್ಮ ಸಮಸ್ಯೆಗೆ ಚಿಪ್ಪಿನ ಗೇನ್ ಮುಟ್ಟದೆಯೇ ದಾರಿಯಿದೆ. ಎಲ್‌ಎಂ 317ರ ರೆಫರೆನ್ಸ್ 1.25 ವೋಲ್ಟ್. 12 ವೋಲ್ಟ್ ಪಡೆಯಲು ನೀವು ಔಟ್‌ಪುಟ್‌ನ ಹತ್ತನೇ ಒಂದಂಶವನ್ನಷ್ಟೇ ಆಂಪ್ಲಿಫೈಯರಿಗೆ ಮರಳಿಸುತ್ತಿದ್ದೀರಿ. ಅಂದರೆ ಏರಿಳಿತದ ಹತ್ತನೇ ಒಂದಂಶ ಮಾತ್ರ ಅದರ ಕಣ್ಣಿಗೆ ಬೀಳುತ್ತದೆ. ಅಡ್ಜಸ್ಟ್ ಕಾಲಿನಿಂದ ಗ್ರೌಂಡಿಗೆ 10 ಮೈಕ್ರೊಫ್ಯಾರಡ್ ಹಾಕಿದರೆ, ಡಿಸಿ ವೋಲ್ಟೇಜ್ 12ರಲ್ಲೇ ಉಳಿದು, 100 ಹರ್ಟ್ಸ್‌ನ ಏರಿಳಿತ ಮಾತ್ರ ಭಾಗವಾಗದೆ ಆಂಪ್ಲಿಫೈಯರಿಗೆ ತಲುಪುತ್ತದೆ. ಡೇಟಾಶೀಟಿನ ಪ್ರಕಾರ ಏರಿಳಿತ ತಡೆಯುವ ಶಕ್ತಿ ಸುಮಾರು 65 ಡೆಸಿಬೆಲ್‌ನಿಂದ 80 ಡೆಸಿಬೆಲ್‌ಗೆ ಏರುತ್ತದೆ, ಇನ್‌ಪುಟ್‌ನ 1 ವೋಲ್ಟಿನ ಏರಿಳಿತ ಅರ್ಧ ಮಿಲಿವೋಲ್ಟಿಗಿಂತ ತುಸು ಹೆಚ್ಚು ಉಳಿಯುವ ಬದಲು ಹತ್ತನೇ ಒಂದು ಮಿಲಿವೋಲ್ಟಿಗೆ ಇಳಿಯುತ್ತದೆ. ಈ ಕೆಪಾಸಿಟರ್ ಹಾಕಿದಾಗ ಅಡ್ಜಸ್ಟ್ ಮತ್ತು ಔಟ್‌ಪುಟ್ ನಡುವೆ 1ಎನ್4002 ಡಯೋಡನ್ನೂ ಹಾಕಬೇಕು, ಇಲ್ಲವಾದರೆ ಔಟ್‌ಪುಟ್ ಶಾರ್ಟ್ ಆದ ದಿನ ಕೆಪಾಸಿಟರಿನ ಚಾರ್ಜ್ ಚಿಪ್ಪಿನ ಮೂಲಕ ಹರಿದು ಅದನ್ನು ಸುಡಬಹುದು. ಇಷ್ಟಾದರೂ ಸದ್ದು ಉಳಿದರೆ ಗ್ರೌಂಡ್ ತಂತಿಗಳ ದಾರಿಯನ್ನು ಪರೀಕ್ಷಿಸಿ.

ಇನ್ನೊಂದು ಮಾತು. ಟ್ರಾನ್ಸ್‌ಫಾರ್ಮರ್ ಬದಲು ಸ್ವಿಚಿಂಗ್ ಅಡಾಪ್ಟರ್ ಬಳಸಿ, ನಂತರ ಲೀನಿಯರ್ ರೆಗ್ಯುಲೇಟರ್ ಇದೆಯಲ್ಲ ಎಂದು ನಿಶ್ಚಿಂತರಾಗಬೇಡಿ. ಕಾಂಪೆನ್ಸೇಶನ್ ಗೇನನ್ನು ಬೇಗ ಇಳಿಸಿರುವುದರಿಂದ ನೂರಾರು ಕಿಲೊಹರ್ಟ್ಸ್‌ನಲ್ಲಿ ಎರರ್ ಆಂಪ್ಲಿಫೈಯರ್ ಹೆಚ್ಚುಕಡಿಮೆ ನಿದ್ದೆಯಲ್ಲಿರುತ್ತದೆ. ಅಲ್ಲಿನ ಗದ್ದಲವನ್ನು ತಡೆಯಬೇಕಾದದ್ದು ಇಂಡಕ್ಟರ್ ಮತ್ತು ಕೆಪಾಸಿಟರ್.

ಪ್ರಶ್ನೆ: ಶಿರಸಿಯ ಸಮೀಪದ ನಮ್ಮ ಅಡಿಕೆ ತೋಟದಲ್ಲಿ ಮಣ್ಣಿನ ತೇವ ಅಳೆಯುವ ಪುಟ್ಟ ಯಂತ್ರವನ್ನು ಲಿಥಿಯಂ ಸೆಲ್ಲಿನಿಂದ ನಡೆಸುತ್ತಿದ್ದೇನೆ. ಎಂಸಿಪಿ 1700 ಎಂಬ 3.3 ವೋಲ್ಟಿನ ರೆಗ್ಯುಲೇಟರಿಗೆ ಡೇಟಾಶೀಟ್ ಹೇಳಿದ 1 ಮೈಕ್ರೊಫ್ಯಾರಡ್ ಸೆರಾಮಿಕ್ಕನ್ನೇ ಹಾಕಿದ್ದೇನೆ. ರೇಡಿಯೊ ಸಂದೇಶ ಕಳಿಸುವ ಕ್ಷಣದಲ್ಲಿ ಯಂತ್ರ ರೀಸೆಟ್ ಆಗುತ್ತದೆ. ಇದೂ ಕಂಪನವೇ?

ಉತ್ತರ: ಇಲ್ಲ, ಇದು ಕಂಪನವಲ್ಲ, ಆಲಸ್ಯ. ಎಂಸಿಪಿ 1700ನ್ನು ಸೆರಾಮಿಕ್ ಕೆಪಾಸಿಟರಿನ ಜೊತೆ ಸ್ಥಿರವಾಗಿರುವಂತೆ ಒಳಗಿನಿಂದಲೇ ಕಾಂಪೆನ್ಸೇಟ್ ಮಾಡಿದ್ದಾರೆ, ಹೊರಗಿನ ಇಎಸ್‌ಆರ್‌ನ ಆಸರೆ ಅದಕ್ಕೆ ಬೇಡ. ಆದರೆ ಅದು ತನ್ನ ನಿರ್ವಹಣೆಗೆ ಬಳಸುವುದು ಸುಮಾರು 1.6 ಮೈಕ್ರೊಆಂಪಿಯರ್ ಮಾತ್ರ. ಪಾಸ್ ಟ್ರಾನ್ಸಿಸ್ಟರಿನ ಗೇಟ್ ಕೂಡ ಒಂದು ಕೆಪಾಸಿಟರ್, ಅದನ್ನು ತುಂಬಿ ಬರಿದುಮಾಡಲು ಎರರ್ ಆಂಪ್ಲಿಫೈಯರಿಗೆ ಕರೆಂಟ್ ಬೇಕು. ಇಷ್ಟು ಮಿತವ್ಯಯಿಯಾದ ಆಂಪ್ಲಿಫೈಯರ್ ಎಚ್ಚೆತ್ತು ಗೇಟನ್ನು ತೆರೆಯುವಷ್ಟರಲ್ಲಿ ಲೋಡ್ ತನಗೆ ಬೇಕಾದದ್ದನ್ನು ಔಟ್‌ಪುಟ್ ಕೆಪಾಸಿಟರಿನಿಂದಲೇ ಎಳೆದುಕೊಳ್ಳುತ್ತದೆ. ರೇಡಿಯೊ 100 ಮಿಲಿಆಂಪಿಯರ್ ಎಳೆದು, ಆಂಪ್ಲಿಫೈಯರ್ 10 ಮೈಕ್ರೊಸೆಕೆಂಡ್ ತಡಮಾಡಿತು ಎಂದಿಟ್ಟುಕೊಂಡರೂ 1 ಮೈಕ್ರೊಫ್ಯಾರಡ್‌ನಿಂದ 1 ವೋಲ್ಟ್ ಕುಸಿಯುತ್ತದೆ, ಅಷ್ಟಾದರೆ ಪ್ರೊಸೆಸರ್ ರೀಸೆಟ್ ಆಗಲು ಸಾಕು. 10 ಮೈಕ್ರೊಫ್ಯಾರಡ್ ಇದ್ದರೆ ಕುಸಿತ 0.1 ವೋಲ್ಟಿಗೆ ನಿಲ್ಲುತ್ತದೆ.

ಆದ್ದರಿಂದ ರೇಡಿಯೊ ಮಾಡ್ಯೂಲಿನ ಪಕ್ಕದಲ್ಲೇ 22 ಮೈಕ್ರೊಫ್ಯಾರಡ್‌ನಷ್ಟು ಸೇರಿಸಿ ನೋಡಿ. ಕೊಳ್ಳುವಾಗ ಒಂದು ಎಚ್ಚರ ಬೇಕು: ಅಕ್ಕಿಕಾಳಿಗಿಂತ ಚಿಕ್ಕದಾದ, 6.3 ವೋಲ್ಟಿನ ಸೆರಾಮಿಕ್ ಕೆಪಾಸಿಟರ್‌ಗಳ ಮೇಲೆ ಡಿಸಿ ವೋಲ್ಟೇಜ್ ಬಿದ್ದಾಗ ಅವುಗಳ ಕೆಪಾಸಿಟೆನ್ಸ್ ಬಹಳಷ್ಟು ಕುಗ್ಗುತ್ತದೆ, ಹೆಸರಿಗೆ 10 ಇದ್ದದ್ದು ಕೆಲಸದಲ್ಲಿ 5 ಆಗಬಹುದು. ಎಕ್ಸ್7ಆರ್ ಅಥವಾ ಎಕ್ಸ್5ಆರ್ ಎಂದು ಬರೆದಿರುವ, ಗಾತ್ರದಲ್ಲಿ ದೊಡ್ಡದಾದ, 16 ವೋಲ್ಟಿನದನ್ನು ಆರಿಸಿ. ವೈ5ವಿ ಎಂದಿದ್ದರೆ ಮುಟ್ಟಬೇಡಿ. ನಿಮ್ಮದು ಜಿಎಸ್ಎಂ ಮಾಡ್ಯೂಲ್ ಆಗಿದ್ದರೆ ಅದು ಕ್ಷಣಮಾತ್ರಕ್ಕೆ 2 ಆಂಪಿಯರಿನ ಹತ್ತಿರ ಎಳೆಯುವುದರಿಂದ, 250 ಮಿಲಿಆಂಪಿಯರಿನ ಈ ರೆಗ್ಯುಲೇಟರ್ ಯಾವ ಕೆಪಾಸಿಟರ್ ಕೊಟ್ಟರೂ ಅದಕ್ಕೆ ಸಾಲದು.

ಬದಲಾವಣೆ ಮಾಡಿದ ಮೇಲೆ ಪರೀಕ್ಷಿಸುವ ಸರಳ ವಿಧಾನ ನಿಮ್ಮಿಬ್ಬರಿಗೂ, ಎಂದರೆ ಕಾರವಾರದವರಿಗೂ ಶಿರಸಿಯವರಿಗೂ, ಒಂದೇ. ಔಟ್‌ಪುಟ್‌ಗೆ ಒಂದು ರೆಸಿಸ್ಟರನ್ನು ಮಾಸ್‌ಫೆಟ್ ಮೂಲಕ ಜೋಡಿಸಿ, ಸೆಕೆಂಡಿಗೆ ನೂರು ಬಾರಿ ಅದನ್ನು ಆನ್ ಆಫ್ ಮಾಡುತ್ತಾ ಆಸಿಲೋಸ್ಕೋಪನ್ನು ಎಸಿ ಕಪ್ಲಿಂಗಿನಲ್ಲಿಟ್ಟು ವೋಲ್ಟೇಜ್ ಗಮನಿಸಿ. ಒಮ್ಮೆ ಕುಸಿದು ನೇರವಾಗಿ, ಅಥವಾ ಒಂದೇ ಒಂದು ಸಣ್ಣ ಉಬ್ಬಿನೊಡನೆ ಮರಳಿದರೆ ಫೇಸ್ ಮಾರ್ಜಿನ್ ಸಾಕಷ್ಟಿದೆ. ನಾಲ್ಕೈದು ಬಾರಿ ತೂಗಾಡಿ ನಿಂತರೆ ಈಗ ನಡೆಯುತ್ತಿದ್ದರೂ ಕೆಪಾಸಿಟರ್ ಹಳತಾದಾಗ ಕೈಕೊಡುವ ಸಂಭವವಿದೆ. ಪೂರ್ತಿ ಲೋಡಿನಲ್ಲಿ ಒಮ್ಮೆ, ತೀರ ಕಡಿಮೆ ಲೋಡಿನಲ್ಲಿ ಇನ್ನೊಮ್ಮೆ ಪರೀಕ್ಷೆ ಮಾಡಬೇಕು. ಪೋಲ್ ಲೋಡಿನೊಡನೆ ಓಡಾಡುವುದರಿಂದ ಒಂದು ಕಡೆ ಸ್ಥಿರವಾಗಿದ್ದದ್ದು ಇನ್ನೊಂದು ಕಡೆ ಸ್ಥಿರವಾಗಿರಲೇಬೇಕೆಂದಿಲ್ಲ.